ಜೀವದ ಅಕ್ಷರ ಓದಲು ಜಗತ್ತೇ ಒಂದು ಶಾಲೆ



ದೂರದರ್ಶನದ ಪರದೆಗೆ ಒಂದು ದೊಡ್ಡ ಮಿತಿಯಿದೆ. ಅರ್ಧ ಗಂಟೆ ಮುಗಿದೊಡನೆ ಮಾತು ನಿಲ್ಲಿಸಬೇಕು. ಹೇಳದೆ ಉಳಿದದ್ದನ್ನು ಹೇಳುವುದಕ್ಕೆಂದೇ ಈ ಪುಟಗಳಿವೆ. ಈ ಬಾರಿಯ ವಿಷಯ ಬಯೋಇನ್ಫರ್ಮ್ಯಾಟಿಕ್ಸ್, ಕನ್ನಡದಲ್ಲಿ ಹೇಳುವುದಾದರೆ ಜೈವಿಕ ಮಾಹಿತಿ ವಿಜ್ಞಾನ. ಅದನ್ನು ಕಲಿಸಲು, ಕಲಿಯಲು ದೇಶದೇಶಗಳು ಹೇಗೆ ಕೈಜೋಡಿಸಿವೆ ಎಂಬುದನ್ನು ಇಲ್ಲಿ ನೋಡೋಣ.

ಹೆಸರು ಕೇಳಿದೊಡನೆ ಇದು ಬೆಂಗಳೂರಿನ ಗಾಜಿನ ಕಟ್ಟಡಗಳ ವಿಷಯ, ನಮಗೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ನನಗೂ ಹಾಗೇ ಅನಿಸಿತ್ತು. ಆ ಅನಿಸಿಕೆ ಬದಲಾದದ್ದು ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲದಲ್ಲಿ.

ಬಾಳೆ ತೋಟದಲ್ಲಿ ಹುಟ್ಟಿದ ಪ್ರಶ್ನೆ

ಹೆಮ್ಮರಗಾಲ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಸಂತಾನ ವೇಣುಗೋಪಾಲಸ್ವಾಮಿಯ ದೇವಾಲಯ. ಮಕ್ಕಳಾಗಲೆಂದು ಹರಕೆ ಹೊತ್ತು ದೂರದೂರದಿಂದ ದಂಪತಿಗಳು ಅಲ್ಲಿಗೆ ಬರುತ್ತಾರೆ. ಕೃಷಿಯನ್ನು ಕುರಿತ ಒಂದು ಕಾರ್ಯಕ್ರಮದ ಚಿತ್ರೀಕರಣಕ್ಕೆಂದು ನಾವು ಅಲ್ಲಿಗೆ ಹೋಗಿದ್ದೆವು. ಒಬ್ಬ ಹಿರಿಯ ರೈತರು ತಮ್ಮ ಜಮೀನಿನ ಮೂಲೆ ತೋರಿಸಿ ಹೇಳಿದರು: "ಇಲ್ಲೆಲ್ಲ ರಸಬಾಳೆ ಇತ್ತು ಸ್ವಾಮಿ. ನಮ್ಮ ತಂದೆ ಕಾಲದಲ್ಲಿ ಗೊನೆ ಕಡಿದು ಸಾಕಾಗ್ತಿತ್ತು. ಈಗ ಕಂದು ನೆಟ್ರೆ ಗೊನೆ ಬರೋಕೆ ಮುಂಚೆನೇ ಎಲೆ ಹಳದಿ ತಿರುಗಿ ಜೋತು ಬೀಳ್ತದೆ."

ಪಕ್ಕದಲ್ಲಿ ಅವರ ಮೊಮ್ಮಗಳು ನಿಂತಿದ್ದಳು. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದುತ್ತಿದ್ದ ಹುಡುಗಿ. ನಮ್ಮೊಂದಿಗೆ ಬಂದಿದ್ದ ತಜ್ಞರು, ಈ ರೋಗಾಣುವಿನ ಬಂಧುಗಳ ವಂಶವಾಹಿಗಳನ್ನು ಕಂಪ್ಯೂಟರಿನಲ್ಲಿ ಹೋಲಿಸಿ ನೋಡುತ್ತಾರೆ ಎಂದು ವಿವರಿಸಿದಾಗ ಆಕೆ ಕೇಳಿದಳು: "ಸಾರ್, ಅದನ್ನ ಕಲೀಬೇಕು ಅಂದ್ರೆ ಫಾರಿನ್‌ಗೇ ಹೋಗ್ಬೇಕಾ?"

ತಜ್ಞರು ನಕ್ಕು ಎರಡು ಮಾತು ಹೇಳಿದರು. ಆದರೆ ಆ ಪ್ರಶ್ನೆಗೆ ಎರಡು ಮಾತಿನ ಉತ್ತರ ಸಾಲದು. ಈ ಲೇಖನ ಆ ಹುಡುಗಿಗೆ ಕೊಡಬೇಕಾಗಿದ್ದ ಪೂರ್ಣ ಉತ್ತರ.

ಏನಿದು ಜೈವಿಕ ಮಾಹಿತಿ ವಿಜ್ಞಾನ?

ಪ್ರತಿ ಜೀವಿಯ ಜೀವಕೋಶದಲ್ಲೂ ಡಿ.ಎನ್.ಎ. ಎಂಬ ಉದ್ದನೆಯ ಅಣು ಇರುವುದನ್ನು ನೀವು ಪಠ್ಯಪುಸ್ತಕದಲ್ಲಿ ಓದಿದ್ದೀರಿ. ಅದರಲ್ಲಿ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳು ಮತ್ತೆ ಮತ್ತೆ ಬರುತ್ತವೆ. ಈ ನಾಲ್ಕು ಅಕ್ಷರಗಳ ಜೋಡಣೆಯಲ್ಲೇ ಭತ್ತ ಭತ್ತವಾಗಲು, ಬಾಳೆ ಬಾಳೆಯಾಗಲು ಬೇಕಾದ ಸೂಚನೆಗಳು ಅಡಗಿವೆ. ಒಂದು ಜೀವಿಯ ಇಂಥ ಅಕ್ಷರಗಳ ಇಡೀ ಗ್ರಂಥಕ್ಕೆ ಜೀನೋಮ್ ಎಂದು ಹೆಸರು.

ಈ ಗ್ರಂಥ ಎಷ್ಟು ದೊಡ್ಡದು? ಮನುಷ್ಯನದು ಸುಮಾರು 300 ಕೋಟಿ ಅಕ್ಷರಗಳದು. ಸೆಕೆಂಡಿಗೆ ಒಂದು ಅಕ್ಷರದಂತೆ ಹಗಲೂ ರಾತ್ರಿ ಓದಿದರೂ ಮುಗಿಸಲು ಸುಮಾರು 95 ವರ್ಷ ಬೇಕು. ಬಾಳೆಯ ಮೂಲ ಪ್ರಭೇದವೊಂದರ ಜೀನೋಮ್ ಸುಮಾರು 52 ಕೋಟಿ ಅಕ್ಷರಗಳದು. ಅದಕ್ಕೆ ಹದಿನಾರೂವರೆ ವರ್ಷ ಬೇಕು. ಬರಿದೇ ಓದುವುದಕ್ಕೇ ಇಷ್ಟು ಕಾಲ ಹಿಡಿದರೆ, ಒಂದರೊಡನೆ ಇನ್ನೊಂದನ್ನು ಹೋಲಿಸುವುದು ಮನುಷ್ಯನ ಕಣ್ಣಿಗೆ ಆಗದ ಕೆಲಸ. ಆದ್ದರಿಂದಲೇ ಕಂಪ್ಯೂಟರ್ ಬೇಕಾಯಿತು.

ತಿ. ನರಸೀಪುರದಲ್ಲಿ ಕಾವೇರಿಗೆ ಕಪಿಲೆ ಬಂದು ಸೇರುತ್ತಾಳೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಅಲ್ಲಿ ಕೂಡುವುದರಿಂದ ಅದು ತ್ರಿವೇಣಿ ಸಂಗಮ ಎಂಬ ನಂಬಿಕೆಯಿದೆ. ಈ ವಿಜ್ಞಾನವೂ ಅಂಥದೇ ಒಂದು ಸಂಗಮ. ಜೀವಶಾಸ್ತ್ರ ಮತ್ತು ಗಣಕ ವಿಜ್ಞಾನ ಎಲ್ಲರ ಕಣ್ಣಿಗೆ ಕಾಣುವ ಎರಡು ನದಿಗಳು. ಕಾಣದೆ ಹರಿಯುವ ಮೂರನೆಯದು ಸಂಖ್ಯಾಶಾಸ್ತ್ರ. ಎರಡು ಸಾಲುಗಳು ನಿಜವಾಗಿಯೂ ಬಂಧುಗಳೋ ಅಥವಾ ಆಕಸ್ಮಿಕವಾಗಿ ಒಂದೇ ರೀತಿ ಕಾಣುತ್ತಿವೆಯೋ ಎಂದು ತೀರ್ಮಾನಿಸಲು ಅದಿಲ್ಲದೆ ಆಗದು.

ಹಸ್ತಪ್ರತಿಯಂತೆ ಹೋಲಿಕೆ

ಹೋಲಿಸುವುದರಿಂದ ಏನು ತಿಳಿಯುತ್ತದೆ? ನಮ್ಮ ಹಳೆಯ ಕಾವ್ಯಗಳನ್ನು ಸಂಪಾದಿಸಿದ ವಿದ್ವಾಂಸರ ಕೆಲಸವನ್ನು ನೆನೆಯಿರಿ. ಒಂದೇ ಕಾವ್ಯದ ನಾಲ್ಕಾರು ಓಲೆಗರಿ ಪ್ರತಿಗಳು ಸಿಗುತ್ತವೆ. ನಕಲು ಮಾಡುವಾಗ ಒಬ್ಬ ಲಿಪಿಕಾರ ಒಂದು ಅಕ್ಷರ ತಪ್ಪಿದರೆ ಅವನ ಪ್ರತಿಯನ್ನು ನಕಲು ಮಾಡಿದವರೆಲ್ಲ ಅದೇ ತಪ್ಪನ್ನು ಬರೆಯುತ್ತಾರೆ. ಪಾಠಾಂತರಗಳನ್ನು ಪಕ್ಕಪಕ್ಕದಲ್ಲಿಟ್ಟು ಯಾವ ಪ್ರತಿ ಯಾವುದಕ್ಕೆ ಹತ್ತಿರ ಎಂದು ಸಂಪಾದಕರು ಗುರುತಿಸುತ್ತಾರೆ. ಡಿ.ಎನ್.ಎ. ಕೂಡ ತಲೆಮಾರಿನಿಂದ ತಲೆಮಾರಿಗೆ ನಕಲಾಗುವ ಗ್ರಂಥವೇ. ಅಲ್ಲಿಯೂ ಆಗೊಂದು ಈಗೊಂದು ಅಕ್ಷರ ಬದಲಾಗುತ್ತದೆ. ಆ ಬದಲಾವಣೆಗಳೇ ವಂಶಾವಳಿಯ ಗುರುತುಗಳು.

ಒಂದು ಕಾಲ್ಪನಿಕ ಉದಾಹರಣೆ ನೋಡಿ:

ಮೊದಲ ಸಾಲು: ಎ ಟಿ ಜಿ ಸಿ ಎ ಎ ಟಿ ಜಿ ಸಿ ಟಿ
ಎರಡನೇ ಸಾಲು: ಎ ಟಿ ಜಿ ಸಿ ಜಿ ಎ ಟಿ ಜಿ ಸಿ ಟಿ
ಮೂರನೇ ಸಾಲು: ಎ ಟಿ ಜಿ ಸಿ ಜಿ ಎ ಟಿ ಜಿ ಎ ಟಿ

ಮೊದಲ ಮತ್ತು ಎರಡನೇ ಸಾಲಿಗೆ ಒಂದೇ ವ್ಯತ್ಯಾಸ, ಐದನೇ ಅಕ್ಷರದಲ್ಲಿ. ಎರಡನೇ ಮತ್ತು ಮೂರನೇ ಸಾಲಿಗೂ ಒಂದೇ, ಒಂಬತ್ತನೇ ಅಕ್ಷರದಲ್ಲಿ. ಆದರೆ ಮೊದಲನೆಯದಕ್ಕೂ ಮೂರನೆಯದಕ್ಕೂ ಎರಡು ವ್ಯತ್ಯಾಸಗಳಿವೆ. ಎಂದರೆ ವಂಶದಲ್ಲಿ ಎರಡನೇ ಸಾಲು ನಡುವೆ ನಿಲ್ಲುತ್ತದೆ ಎಂದು ಊಹಿಸಬಹುದು. ಆದರೆ ಮೊದಲನೆಯದು ಹಳೆಯದೋ ಮೂರನೆಯದು ಹಳೆಯದೋ ಎಂಬುದು ಇಷ್ಟರಿಂದಲೇ ತಿಳಿಯದು. ಅದಕ್ಕೆ ಮಾದರಿ ಸಂಗ್ರಹಿಸಿದ ದಿನಾಂಕವೋ ದೂರದ ಬಂಧುವೊಂದರ ಸಾಲೋ ಬೇಕು. ಯಾವುದನ್ನು ಹೇಳಬಹುದು, ಯಾವುದನ್ನು ಹೇಳಬಾರದು ಎಂಬ ವಿವೇಕವೇ ಈ ವಿದ್ಯೆಯ ಮುಖ್ಯ ಪಾಠ.

ಕೋವಿಡ್ ಕಾಲದಲ್ಲಿ ನಡೆದದ್ದೂ ಇದೇ ಬಗೆಯ ಹೋಲಿಕೆ. ಆ ವೈರಾಣುವಿನ ಗ್ರಂಥ ತೀರ ಚಿಕ್ಕದು, ಸುಮಾರು 30 ಸಾವಿರ ಅಕ್ಷರಗಳು. ಸೆಕೆಂಡಿಗೊಂದರಂತೆ ಓದಿದರೆ ಎಂಟೂವರೆ ಗಂಟೆಯೊಳಗೆ ಮುಗಿಯುತ್ತದೆ. 2020ರ ಜನವರಿಯಲ್ಲಿ ಅದು ಎಲ್ಲರಿಗೂ ಮುಕ್ತವಾಗಿ ದೊರೆತೊಡನೆ ಹಲವು ದೇಶಗಳಲ್ಲಿ ಲಸಿಕೆಯ ಕೆಲಸ ಆರಂಭವಾಯಿತು. ಅದೇ ವರ್ಷ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಸೋಂಕು ಹರಡಿ ಇಡೀ ತಾಲ್ಲೂಕು ಕಂಗೆಟ್ಟದ್ದು ನಿಮ್ಮ ಮನೆಯವರಿಗೆ ನೆನಪಿರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವಿಜ್ಞಾನಿಗಳು ಕರ್ನಾಟಕದ ರೋಗಿಗಳಿಂದ ಪಡೆದ ವೈರಾಣುಗಳ ಅಕ್ಷರಗಳನ್ನು ಜಗತ್ತಿನ ಇತರ ಮಾದರಿಗಳೊಡನೆ ಹೋಲಿಸಿದರು. ವೈರಾಣು ರಾಜ್ಯಕ್ಕೆ ಒಂದೇ ಬಾಗಿಲಿನಿಂದ ಬಂದದ್ದಲ್ಲ, ಹಲವು ಸಲ ಹಲವು ಕಡೆಯಿಂದ ಬಂದಿತ್ತು ಎಂದು ಅದರಿಂದ ತಿಳಿಯಿತು. ಹೊರಗಿನ ಮಾದರಿಗಳು ಕೈಗೆ ಸಿಗದಿದ್ದರೆ ಈ ತೀರ್ಮಾನ ಸಾಧ್ಯವೇ ಇರಲಿಲ್ಲ.

ಒಬ್ಬರಿಂದ ಆಗದ ಕೆಲಸ

ಇಲ್ಲಿಯೇ ಅಂತರರಾಷ್ಟ್ರೀಯ ಸಹಕಾರದ ಅಗತ್ಯ ಕಾಣುತ್ತದೆ. ಹೋಲಿಸಲು ಹೆಚ್ಚು ಸಾಲುಗಳಿದ್ದಷ್ಟೂ ತಿಳಿವಳಿಕೆ ಹೆಚ್ಚುತ್ತದೆ. ಯಾವ ಒಂದು ದೇಶದ ಬಳಿಯೂ ಎಲ್ಲ ಸಾಲುಗಳಿಲ್ಲ. 1965ರಲ್ಲಿ ಅಮೆರಿಕದ ಮಾರ್ಗರೆಟ್ ಡೇಹಾಫ್ ಎಂಬ ವಿಜ್ಞಾನಿ ಆಗ ಗೊತ್ತಿದ್ದ ಪ್ರೋಟೀನುಗಳ ಸಾಲುಗಳನ್ನೆಲ್ಲ ಕಲೆಹಾಕಿ ಪುಸ್ತಕವಾಗಿ ಪ್ರಕಟಿಸಿದರು. ಅದರಲ್ಲಿದ್ದದ್ದು 65 ಪ್ರೋಟೀನುಗಳು ಮಾತ್ರ. 1980ರ ದಶಕದಲ್ಲಿ ಅಮೆರಿಕ, ಯೂರೋಪು ಮತ್ತು ಜಪಾನುಗಳಲ್ಲಿ ಮೂರು ದೊಡ್ಡ ದತ್ತಾಂಶ ಭಂಡಾರಗಳು ಹುಟ್ಟಿಕೊಂಡವು. ಈ ಮೂರೂ ಪ್ರತಿದಿನ ತಮ್ಮ ತಮ್ಮ ಹೊಸ ಸಾಲುಗಳನ್ನು ವಿನಿಮಯ ಮಾಡಿಕೊಳ್ಳುತ್ತವೆ. ಎಲ್ಲಿ ಸೇರಿಸಿದರೂ ಎಲ್ಲೆಡೆ ಸಿಗುತ್ತದೆ, ಅದೂ ಉಚಿತವಾಗಿ. ಮಾನವ ಜೀನೋಮ್ ಯೋಜನೆಯಲ್ಲಿ ತೊಡಗಿದ್ದ ವಿಜ್ಞಾನಿಗಳು 1996ರಲ್ಲಿ ಬರ್ಮುಡಾ ದ್ವೀಪದಲ್ಲಿ ಸೇರಿ, ಓದಿದ ಅಕ್ಷರಗಳನ್ನು 24 ಗಂಟೆಗಳೊಳಗೆ ಲೋಕಕ್ಕೆ ಬಿಡುಗಡೆ ಮಾಡಬೇಕೆಂದು ಒಪ್ಪಿಕೊಂಡರು.

ನಮ್ಮ ಅನ್ನದ ತಟ್ಟೆಯಲ್ಲೂ ಇಂಥ ಸಹಕಾರದ ಫಲವಿದೆ. ಭತ್ತದ ಜೀನೋಮ್ ಓದಲು ಜಪಾನಿನ ಮುಂದಾಳುತನದಲ್ಲಿ ಹಲವು ರಾಷ್ಟ್ರಗಳು ವರ್ಣತಂತುಗಳನ್ನು ಹಂಚಿಕೊಂಡವು. ಭತ್ತಕ್ಕೆ 12 ವರ್ಣತಂತುಗಳು. 2000ದಲ್ಲಿ ಈ ಕೂಟ ಸೇರಿದ ಭಾರತ 11ನೇ ವರ್ಣತಂತುವಿನ ಒಂದು ಭಾಗವನ್ನು ವಹಿಸಿಕೊಂಡಿತು. ದೆಹಲಿ ವಿಶ್ವವಿದ್ಯಾಲಯದ ದಕ್ಷಿಣ ಆವರಣ ಮತ್ತು ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅದನ್ನು ಪೂರೈಸಿದರು. 2005ರಲ್ಲಿ ಪೂರ್ಣ ಗ್ರಂಥ ಪ್ರಕಟವಾಯಿತು: ಸುಮಾರು 39 ಕೋಟಿ ಅಕ್ಷರಗಳು. ಮುಂದೆ 2014ರಲ್ಲಿ 89 ದೇಶಗಳ ಮೂರು ಸಾವಿರಕ್ಕೂ ಹೆಚ್ಚು ಭತ್ತದ ತಳಿಗಳ ಜೀನೋಮ್ ಮಾಹಿತಿಯನ್ನು ಎಲ್ಲರಿಗೂ ತೆರೆದಿಡಲಾಯಿತು.

ಭಂಡಾರದ ಬಾಗಿಲು ತೆರೆದರೆ ಸಾಕೆ?

ಸಾಲದು. ಗ್ರಂಥಾಲಯದ ಬಾಗಿಲು ತೆರೆದಿದ್ದರೂ ಓದು ಬಾರದವನಿಗೆ ಏನು ಲಾಭ? ದತ್ತಾಂಶ ಹಂಚಿದ ಮೇಲೆ ವಿದ್ಯೆಯನ್ನೂ ಹಂಚಬೇಕು.

ನಮ್ಮ ದೇಶ ಇದನ್ನು ಬೇಗನೆ ಅರಿಯಿತು. ಭಾರತ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ 1986-87ರಲ್ಲಿಯೇ ಜೈವಿಕ ಮಾಹಿತಿ ಕೇಂದ್ರಗಳ ಜಾಲವೊಂದನ್ನು ಆರಂಭಿಸಿತು. ಅಂತರಜಾಲ ಮನೆಮಾತಾಗುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತಿದು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರ ಅದರ ಮೊದಲ ಕೇಂದ್ರಗಳಲ್ಲೊಂದು. 2000ದ ದಶಕದ ಆರಂಭದಲ್ಲಿ ರಾಜ್ಯ ಸರ್ಕಾರದ ಬೆಂಬಲದಿಂದ ಜೈವಿಕ ಮಾಹಿತಿ ಮತ್ತು ಅನ್ವಯಿಕ ಜೈವಿಕ ತಂತ್ರಜ್ಞಾನ ಸಂಸ್ಥೆ ಬೆಂಗಳೂರಿನಲ್ಲಿ ಹುಟ್ಟಿತು. ಐಬ್ಯಾಬ್ ಎಂದು ಕರೆಯಲಾಗುವ ಈ ಸಂಸ್ಥೆಯ ಮುಖ್ಯ ಕೆಲಸಗಳಲ್ಲೊಂದು ತರಬೇತಿ.

ಆದರೆ ಸಹಕಾರದ ಅತ್ಯುತ್ತಮ ಉದಾಹರಣೆ ಬೆಂಗಳೂರಿನದೇ ಇನ್ನೊಂದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿದ್ದ ಡಾ. ಅಖಿಲೇಶ್ ಪಾಂಡೆ 2002ರಲ್ಲಿ ಬೆಂಗಳೂರಿನಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಮನುಷ್ಯನ ಪ್ರೋಟೀನುಗಳ ಒಂದು ಆಕರಕೋಶ ರಚಿಸುವುದು ಅದರ ಮೊದಲ ಕೆಲಸ. ಪ್ರೋಟೀನು ಜೀವಕೋಶದ ಯಾವ ಭಾಗದಲ್ಲಿರುತ್ತದೆ, ಯಾವುದರೊಡನೆ ಕೂಡಿ ಕೆಲಸ ಮಾಡುತ್ತದೆ, ಕೆಟ್ಟರೆ ಯಾವ ರೋಗ ಬರುತ್ತದೆ ಎಂಬ ವಿವರಗಳು ಸಾವಿರಾರು ಸಂಶೋಧನಾ ಪ್ರಬಂಧಗಳಲ್ಲಿ ಚದುರಿಹೋಗಿದ್ದವು. ಇವನ್ನು ಯಂತ್ರಕ್ಕೆ ಬಿಡದೆ, ಜೀವಶಾಸ್ತ್ರ ಬಲ್ಲ ಯುವಜನರು ಒಂದೊಂದೇ ಪ್ರಬಂಧ ಓದಿ, ಅರ್ಥ ಮಾಡಿಕೊಂಡು ದಾಖಲಿಸಿದರು. 2003ರಲ್ಲಿ ಪ್ರಕಟವಾದಾಗ ಅದರಲ್ಲಿ 2,750 ಪ್ರೋಟೀನುಗಳ ವಿವರವಿತ್ತು. ಆ ಓದೇ ಅವರಿಗೆ ತರಬೇತಿಯಾಯಿತು.

ಆ ತರಬೇತಿಯ ಫಲ 2014ರಲ್ಲಿ ಕಾಣಿಸಿತು. ಬೆಂಗಳೂರು ಮತ್ತು ಬಾಲ್ಟಿಮೋರಿನ ತಂಡಗಳು ಸೇರಿ ಮನುಷ್ಯನ ಪ್ರೋಟೀನುಗಳ ಕರಡು ನಕಾಶೆಯನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದವು. 30 ಬಗೆಯ ಅಂಗಾಂಶ ಮತ್ತು ಜೀವಕೋಶಗಳನ್ನು ಪರೀಕ್ಷಿಸಿ, 17,294 ವಂಶವಾಹಿಗಳ ಪ್ರೋಟೀನುಗಳನ್ನು ಅದರಲ್ಲಿ ಗುರುತಿಸಲಾಗಿತ್ತು. ದತ್ತಾಂಶ ಮುಕ್ತವಾಗಿದ್ದುದರಿಂದ ಬೇರೆ ದೇಶಗಳ ವಿಜ್ಞಾನಿಗಳು ಅದನ್ನು ಮತ್ತೆ ಪರಿಶೀಲಿಸಿ, ಕೆಲವು ಗುರುತಿಸುವಿಕೆಗಳು ಸರಿಯಲ್ಲವೆಂದು ಪ್ರಶ್ನಿಸಿದರು. ಇದರಿಂದ ಬೇಸರಪಡಬೇಕಿಲ್ಲ. ನಿಮ್ಮ ಲೆಕ್ಕವನ್ನು ಪಕ್ಕದ ಬೆಂಚಿನವನು ನೋಡಿ ತಪ್ಪು ತೋರಿಸುವಂತೆ ಇದು. ಬಚ್ಚಿಟ್ಟ ಲೆಕ್ಕವನ್ನು ಯಾರೂ ತಿದ್ದಲಾರರು.

ದೂರದ ಗುರು, ಹತ್ತಿರದ ತರಗತಿ

ದೂರದರ್ಶನದಲ್ಲಿ ಕೆಲಸ ಮಾಡುವ ನನಗೆ ಇನ್ನೊಂದು ಹಳೆಯ ಪ್ರಯೋಗ ಇಲ್ಲಿ ನೆನಪಾಗುತ್ತದೆ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ 'ಸೈಟ್' ಎಂಬ ಉಪಗ್ರಹ ಶಿಕ್ಷಣ ಪ್ರಯೋಗ ನಡೆಯಿತು. ಉಪಗ್ರಹ ಅಮೆರಿಕದ್ದು, ಕಾರ್ಯಕ್ರಮಗಳು ನಮ್ಮವು, ನಮ್ಮ ಭಾಷೆಗಳಲ್ಲಿ. ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಅದು ತಲುಪಿತು. ಉಪಕರಣ ಹೊರಗಿನಿಂದ ಬಂದರೂ ಪಾಠ ಒಳಗಿನದಾಗಿರಬೇಕು ಎಂಬುದು ಅದರ ತಿರುಳು.

ಜೈವಿಕ ಮಾಹಿತಿ ವಿಜ್ಞಾನದಲ್ಲೂ ಇದೇ ದಾರಿ ಹಿಡಿದವರಿದ್ದಾರೆ. 2000ದ ದಶಕದ ಆರಂಭದಲ್ಲಿ ಸ್ವೀಡನ್, ಸಿಂಗಪುರ, ಸಿಡ್ನಿ, ಸ್ಟ್ಯಾನ್‌ಫರ್ಡ್, ದಕ್ಷಿಣ ಆಫ್ರಿಕಾಗಳ ವಿಶ್ವವಿದ್ಯಾಲಯಗಳು ಸೇರಿ 'ಎಸ್-ಸ್ಟಾರ್' ಎಂಬ ಹೆಸರಿನಲ್ಲಿ ಅಂತರಜಾಲದ ಮೂಲಕ ಉಚಿತ ಪಾಠ ನಡೆಸಿದವು. ಆಫ್ರಿಕಾದಲ್ಲಿ 2016ರಲ್ಲಿ ಆರಂಭವಾದ ಇನ್ನೊಂದು ಶಿಕ್ಷಣಕ್ರಮ ನಮಗೆ ಹೆಚ್ಚು ಹತ್ತಿರದ್ದು. ಅಲ್ಲಿಯೂ ವಿದ್ಯುತ್ ಕೈಕೊಡುತ್ತದೆ, ಅಂತರಜಾಲ ನಿಧಾನ, ಪಾಠ ಹೇಳಬಲ್ಲವರು ಕಡಿಮೆ. ಆದ್ದರಿಂದ ಅವರು ಉಪನ್ಯಾಸಗಳನ್ನು ಮೊದಲೇ ಮುದ್ರಿಸಿಕೊಂಡು ಹತ್ತು ದೇಶಗಳ ಇಪ್ಪತ್ತು ತರಗತಿಗಳಿಗೆ ಕಳುಹಿಸಿದರು. ಪ್ರತಿ ತರಗತಿಯಲ್ಲೂ ಒಬ್ಬ ಸ್ಥಳೀಯ ಸಹಾಯಕರು ವಿದ್ಯಾರ್ಥಿಗಳ ಜತೆ ಕುಳಿತು ಅಭ್ಯಾಸ ಮಾಡಿಸಿದರು. ದೂರದ ಗುರು ನಿಗದಿತ ವೇಳೆಯಲ್ಲಿ ಪ್ರಶ್ನೆಗಳಿಗೆ ಉತ್ತರಿಸಿದರು. ಒಬ್ಬೊಬ್ಬರೇ ಪರದೆಯ ಮುಂದೆ ಕುಳಿತು ಬೇಸತ್ತು ಬಿಟ್ಟುಬಿಡುವ ಬದಲು, ಜತೆಯಾಗಿ ಕಲಿಯುವ ಅನುಕೂಲ ಇದರಲ್ಲಿದೆ.

ಪಾಠ ಹೇಳುವವರಿಗೂ ಈಗ ಒಂದು ಕೂಟವಿದೆ. 2012ರಲ್ಲಿ ಸ್ಥಾಪನೆಯಾದ 'ಗಾಬ್ಲೆಟ್' ಎಂಬ ಜಾಗತಿಕ ಸಂಘಟನೆಯ ಮೂಲಕ ಶಿಕ್ಷಕರು ತಮ್ಮ ಪಾಠದ ಸಾಮಗ್ರಿಗಳನ್ನು ಹಂಚಿಕೊಳ್ಳುತ್ತಾರೆ. ಇಂಗ್ಲೆಂಡಿನ ಹಿಂಕ್ಸ್‌ಟನ್ ಎಂಬ ಹಳ್ಳಿಯಲ್ಲಿರುವ ಯೂರೋಪಿನ ಜೈವಿಕ ಮಾಹಿತಿ ಸಂಸ್ಥೆಯೂ ಉಚಿತ ಪಾಠಗಳನ್ನು ಅಂತರಜಾಲದಲ್ಲಿ ಇಟ್ಟಿದೆ. ಹೌದು, ಅದೂ ಒಂದು ಹಳ್ಳಿಯೇ!

ಮತ್ತೆ ರಸಬಾಳೆಗೆ

ಈಗ ಆ ಹಿರಿಯ ರೈತರ ತೋಟಕ್ಕೆ ಮರಳೋಣ. ರಸಬಾಳೆಯನ್ನು ಕಾಡುವುದು ಪನಾಮಾ ಸೊರಗು ರೋಗ. ಫ್ಯುಸೇರಿಯಂ ಎಂಬ ಶಿಲೀಂಧ್ರ ಮಣ್ಣಿನಿಂದ ಬೇರಿಗೆ ಹೊಕ್ಕು ಗಿಡದ ನೀರಿನ ನಾಳಗಳನ್ನು ಕಟ್ಟಿಬಿಡುತ್ತದೆ. ಮಣ್ಣಿನಲ್ಲಿ ಅದು ದಶಕಗಳ ಕಾಲ ಉಳಿಯಬಲ್ಲದು. ಬಾಳೆಯನ್ನು ಬೀಜದಿಂದಲ್ಲ, ಕಂದಿನಿಂದ ಬೆಳೆಸುತ್ತೇವೆ. ಕಂದು ತಾಯಿಗಿಡದ ನಕಲು. ಹೀಗಾಗಿ ಒಂದು ಗಿಡಕ್ಕೆ ರೋಗ ತಡೆಯುವ ಶಕ್ತಿಯಿಲ್ಲದಿದ್ದರೆ ಇಡೀ ಸೀಮೆಯ ತೋಟಗಳಿಗೂ ಇರುವುದಿಲ್ಲ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ನಂಜನಗೂಡಿನ ರಸಬಾಳೆಯ ಬೇಸಾಯ ಕುಗ್ಗಿಹೋಗಲು ಇದು ಒಂದು ಮುಖ್ಯ ಕಾರಣ.

2010ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಟೊಮೇಟೊ ಗಿಡವನ್ನು ಕೊಲ್ಲುವ ಫ್ಯುಸೇರಿಯಂನ ಜೀನೋಮನ್ನು ಅದರ ಬಂಧುಗಳ ಜೀನೋಮಿನೊಡನೆ ಹೋಲಿಸಿದರು. ಬಂಧುಗಳಲ್ಲಿಲ್ಲದ ಕೆಲವು ಹೆಚ್ಚುವರಿ ವರ್ಣತಂತುಗಳು ಅದರಲ್ಲಿ ಕಂಡವು. ಅಂಥದೊಂದು ವರ್ಣತಂತು ನಿರುಪದ್ರವಿ ಶಿಲೀಂಧ್ರಕ್ಕೆ ದಾಟಿದರೆ ಅದೂ ಕೊಲೆಗಾರನಾಗುತ್ತದೆ ಎಂದು ಪ್ರಯೋಗ ತೋರಿಸಿತು. 2012ರಲ್ಲಿ ಫ್ರಾನ್ಸಿನ ಮುಂದಾಳುತನದಲ್ಲಿ ಬಾಳೆಯ ಒಂದು ಮೂಲ ಪ್ರಭೇದದ ಜೀನೋಮ್ ಪ್ರಕಟವಾಯಿತು. 36 ಸಾವಿರಕ್ಕೂ ಹೆಚ್ಚು ವಂಶವಾಹಿಗಳು ಅದರಲ್ಲಿವೆ. ಇನ್ನೊಂದು ಮೂಲ ಪ್ರಭೇದದ್ದು 2019ರಲ್ಲಿ ಹೊರಬಂತು. ನಮ್ಮ ರಸಬಾಳೆ ಈ ಎರಡೂ ಮೂಲಗಳ ಬೆರಕೆ. ಬೆಲ್ಜಿಯಂನ ಲೂವೆನ್ ನಗರದಲ್ಲಿ ಜಗತ್ತಿನ ಒಂದೂವರೆ ಸಾವಿರಕ್ಕೂ ಹೆಚ್ಚು ಬಗೆಯ ಬಾಳೆಗಳ ಸಸಿಗಳನ್ನು ಕಾಪಿಡಲಾಗಿದೆ. ನಮ್ಮ ತಿರುಚಿರಾಪಳ್ಳಿಯಲ್ಲಿ 1993ರಿಂದ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರವಿದೆ. ಕಾಡುಬಾಳೆಯ ಒಂದು ವಂಶವಾಹಿಯನ್ನು ಸೇರಿಸಿ ಸೊರಗು ರೋಗ ತಡೆಯುವಂತೆ ಮಾಡಿದ ಕ್ಯಾವೆಂಡಿಷ್ ಬಾಳೆಗೆ ಆಸ್ಟ್ರೇಲಿಯ 2024ರಲ್ಲಿ ಅನುಮತಿ ನೀಡಿದೆ.

ಆದರೆ ಗಮನಿಸಿ, ಅದು ಕ್ಯಾವೆಂಡಿಷ್. ಜಗತ್ತಿನ ಮಾರುಕಟ್ಟೆಗೆ ಬೇಕಾದ ಹಣ್ಣು. ರಸಬಾಳೆಗಾಗಿ ಆಸ್ಟ್ರೇಲಿಯದವರು ನಿದ್ದೆಗೆಡಬೇಕಿಲ್ಲ. ಕೀಲಿಕೈಗಳ ಗೊಂಚಲು ಎಲ್ಲರಿಗೂ ಸಿಗುವ ಕಡೆ ತೂಗುತ್ತಿದೆ. ನಮ್ಮ ಮನೆಯ ಬೀಗಕ್ಕೆ ಹೊಂದುವ ಕೀಲಿ ಯಾವುದೆಂದು ನಾವೇ ಹುಡುಕಬೇಕು. ಅದಕ್ಕೆ ಆ ಬಾಳೆಯ ರುಚಿ ಬಲ್ಲವರು, ಆ ಮಣ್ಣು ಬಲ್ಲವರು ಈ ವಿದ್ಯೆ ಕಲಿಯಬೇಕು.

ಇನ್ನೊಂದು ಎಚ್ಚರವೂ ಬೇಕು. ನಮ್ಮ ತಳಿಗಳ ಮಾಹಿತಿಯಿಂದ ಬೇರೆಯವರು ಲಾಭ ಮಾಡಿಕೊಂಡರೆ ಅದನ್ನು ಕಾಪಾಡಿಕೊಂಡು ಬಂದ ರೈತನಿಗೆ ಏನು? ಭಾರತ 2002ರಲ್ಲಿ ಜೀವವೈವಿಧ್ಯ ಕಾಯಿದೆ ಮಾಡಿತು. ಜೀನೋಮ್ ಮಾಹಿತಿಯಿಂದ ಲಾಭ ಪಡೆಯುವ ಉದ್ಯಮಗಳು ಒಂದು ಪಾಲನ್ನು ನೀಡಲೆಂದು 2025ರ ಫೆಬ್ರುವರಿಯಲ್ಲಿ 'ಕಾಲಿ ನಿಧಿ' ಎಂಬ ಅಂತರರಾಷ್ಟ್ರೀಯ ನಿಧಿ ಆರಂಭವಾಗಿದೆ. ಹಂಚಿಕೊಳ್ಳುವುದು ಎಂದರೆ ಎರಡೂ ಕಡೆಯಿಂದ ಹಂಚಿಕೊಳ್ಳುವುದು.

ಹುಡುಗಿಗೆ ಉತ್ತರ

ಹಾಗಾದರೆ ಫಾರಿನ್‌ಗೆ ಹೋಗಬೇಕೆ? ಆರಂಭಿಸಲು ಬೇಕಿಲ್ಲ. ಭತ್ತದ್ದೂ ಬಾಳೆಯದ್ದೂ ಜೀನೋಮ್ ಗ್ರಂಥಗಳು ಹೆಮ್ಮರಗಾಲಕ್ಕೂ ಹಾರ್ವರ್ಡಿಗೂ ಒಂದೇ ದಿನ, ಒಂದೇ ಬೆಲೆಗೆ ಸಿಗುತ್ತವೆ; ಆ ಬೆಲೆ ಸೊನ್ನೆ. ಹೋಲಿಕೆ ಮಾಡುವ 'ಬ್ಲಾಸ್ಟ್' ಎಂಬ ತಂತ್ರಾಂಶವೂ ಉಚಿತ. ನಮ್ಮ ದೇಶದ 'ಸ್ವಯಂ' ವೇದಿಕೆಯಲ್ಲಿ ಈ ವಿಷಯದ ಪಾಠಗಳು ದೊರೆಯುತ್ತವೆ. ಜೀವಶಾಸ್ತ್ರ ಓದುವವರು ಗಣಿತವನ್ನು ಬಿಡಬಾರದು. ಕಂಪ್ಯೂಟರ್ ಓದುವವರು ಜೀವಕೋಶಕ್ಕೆ ಹೆದರಬಾರದು. ಪಾಠಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುವುದು ನಿಜವಾದ ತೊಡಕೇ. ವಿಷಯವನ್ನು ಮೊದಲು ಕನ್ನಡದಲ್ಲಿ ಅರ್ಥ ಮಾಡಿಕೊಂಡರೆ ಇಂಗ್ಲಿಷ್ ಪದಗಳು ಆಮೇಲೆ ತಾವಾಗಿ ಒಲಿಯುತ್ತವೆ.

ಮುಂದೆ ಹೋಗಲು ಮಾತ್ರ ಜತೆ ಬೇಕು: ಕಲಿಸುವವರು, ತಪ್ಪು ತೋರಿಸುವವರು, ಪಕ್ಕದಲ್ಲಿ ಕುಳಿತು ಲೆಕ್ಕ ಮಾಡುವವರು. ಆ ಜತೆಗಾರರು ಬೆಂಗಳೂರಿನಲ್ಲಿರಬಹುದು, ನೈರೋಬಿಯಲ್ಲಿರಬಹುದು, ನಿಮ್ಮ ಬೆಂಚಿನಲ್ಲೇ ಇರಬಹುದು. ಅಂತರರಾಷ್ಟ್ರೀಯ ಸಹಕಾರ ಎಂಬ ದೊಡ್ಡ ಮಾತಿನ ಅರ್ಥ ಇಷ್ಟೇ.

ನೀವೇ ಮಾಡಿ ನೋಡಿ

1. ಮೇಲಿನ ಮೂರು ಸಾಲುಗಳಿಗೆ ನಾಲ್ಕನೆಯದೊಂದನ್ನು ಸೇರಿಸಿ: ಎ ಟಿ ಜಿ ಸಿ ಎ ಎ ಟಿ ಸಿ ಸಿ ಟಿ. ಇದು ಯಾವ ಸಾಲಿಗೆ ಅತಿ ಹತ್ತಿರ? ಉಳಿದ ಎರಡಕ್ಕೆ ಎಷ್ಟೆಷ್ಟು ವ್ಯತ್ಯಾಸ?

2. ಒಂದು ಸಣ್ಣ ಕತೆಯನ್ನು ಕೈಬರಹದಲ್ಲಿ ಹತ್ತು ಗೆಳೆಯರು ಒಬ್ಬರದನ್ನು ನೋಡಿ ಇನ್ನೊಬ್ಬರು ನಕಲು ಮಾಡಿ. ಪ್ರತಿಗಳನ್ನು ಕಲಸಿ ಇನ್ನೊಂದು ಗುಂಪಿಗೆ ಕೊಡಿ. ತಪ್ಪುಗಳನ್ನಷ್ಟೇ ನೋಡಿ ಅವರು ನಕಲಿನ ಕ್ರಮವನ್ನು ಹೇಳಬಲ್ಲರೆ?

3. ನಿಮ್ಮ ಊರಿನಲ್ಲಿ ಹಿಂದೆ ಇದ್ದು ಈಗ ಕಾಣದಂತಾಗಿರುವ ಭತ್ತ, ರಾಗಿ, ಬಾಳೆ ತಳಿಗಳ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದಿಡಿ. ಯಾವ ಭಂಡಾರದಲ್ಲೂ ಇಲ್ಲದ ಮಾಹಿತಿ ಅದು. ಜಗತ್ತಿಗೆ ನೀವು ಕೊಡಬಹುದಾದ ಮೊದಲ ಪಾಲು ಅದೇ ಆಗಿರಬಹುದು.